ಅಲ್ಲಿ ನಾನು ಫ್ಯಾಮಿಲಿ ಡಾಕ್ಟರ್, ಇಲ್ಲಿ ಅಮ್ಮನಿಗೆ ಯಾರು?

(ಮಂಗಳೂರಿನಲ್ಲಿ ಎಂಬಿಬಿಎಸ್ ಓದಿ, ಈಗ ಇಂಗ್ಲೆಂಡಿನಲ್ಲಿ ಫ್ಯಾಮಿಲಿ ಡಾಕ್ಟರ್ ಆಗಿರುವ ವೈದ್ಯೆಯೊಬ್ಬರು ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹ ರೂಪ. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ.)



ನಾನು ರಜೆಗೆ ಮಂಗಳೂರಿಗೆ ಬಂದಾಗಲೆಲ್ಲ ಮೆಡಿಕಲ್ ಓದ್ತಾ ಇರುವ ಹುಡುಗ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಯುಕೆಗೆ ಹೋಗ್ಬಹುದಾ? ಲೈಫ್ ಸೆಟ್ಲ್ ಆಗ್ತದಾ?" ಉತ್ತರ ಕೊಡ್ತೇನೆ. ಆದರೆ ಅದಕ್ಕೂ ಮೊದಲು ನನ್ನ ಕೆಲಸ ಎಂತದ್ದು ಅಂತ ಹೇಳ್ಬೇಕು.

ಅಲ್ಲಿ ನಮ್ಮನ್ನು ಜಿಪಿ ಅಂತಾರೆ, ಜನರಲ್ ಪ್ರಾಕ್ಟೀಷನರ್. ಊರಿನ ಪ್ರತಿಯೊಬ್ಬರೂ ಒಂದು ಕ್ಲಿನಿಕ್‌ನಲ್ಲಿ ಹೆಸರು ಬರೆಸಿರ್ತಾರೆ. ಮಗುವಿನ ಜ್ವರ, ಅಜ್ಜಿಯ ಮಂಡಿನೋವು, ಕೆಲಸ ಹೋದವನ ನಿದ್ದೆ ಇಲ್ಲದ ರಾತ್ರಿ, ಎಲ್ಲವೂ ಮೊದಲು ಬರುವುದು ನಮ್ಮ ಹತ್ರ. ಒಬ್ಬರಿಗೆ ಸಾಮಾನ್ಯವಾಗಿ 10 ನಿಮಿಷ. ಸ್ಪೆಷಲಿಸ್ಟ್ ಬೇಕಿದ್ದರೆ ನಾವು ಪತ್ರ ಬರೀಬೇಕು. ಆ ಸ್ಪೆಷಲಿಸ್ಟ್ ಎಂತ ನೋಡಿದ್ರು, ಯಾವ ಮಾತ್ರೆ ಕೊಟ್ರು ಅಂತ ವಾಪಸ್ ನಮಗೇ ಬರೀತಾರೆ. ಮನೆ ಬದಲಿಸಿ ಬೇರೆ ಊರಿಗೆ ಹೋದರೆ ಇಡೀ ದಾಖಲೆ ಹೊಸ ಕ್ಲಿನಿಕ್‌ಗೆ ಹೋಗ್ತದೆ.

ಈ ವ್ಯವಸ್ಥೆಯಲ್ಲಿ ನಮ್ಮವರ ಪಾಲು ದೊಡ್ಡದುಂಟು. ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ರಂದು. ಗಣಿ ಊರು, ಕಾರ್ಖಾನೆ ಕೇರಿಗಳಿಗೆ ಹೋಗಲು ಅಲ್ಲಿಯ ಡಾಕ್ಟರುಗಳು ಮನಸ್ಸು ಮಾಡದಿದ್ದಾಗ ಹೋದವರಲ್ಲಿ ಭಾರತ, ಪಾಕಿಸ್ತಾನದ ಕಡೆಯವರು ಬಹಳ ಮಂದಿ. 1980ರ ದಶಕದ ಹೊತ್ತಿಗೆ ಅಲ್ಲಿನ ಜಿಪಿಗಳಲ್ಲಿ ಸುಮಾರು 16% ದಕ್ಷಿಣ ಏಷ್ಯಾದಲ್ಲಿ ಹುಟ್ಟಿದವರು. ನಮ್ಮ ಕರಾವಳಿಯವರಿಗೆ ಗಲ್ಫ್ ಇನ್ನೂ ಹತ್ತಿರ. 1975ರಲ್ಲಿ ಉಡುಪಿಯ ಬಿ.ಆರ್. ಶೆಟ್ಟಿ ಅಬುಧಾಬಿಯಲ್ಲಿ ಸಣ್ಣ ಕ್ಲಿನಿಕ್ ತೆರೆದಾಗ ಅಲ್ಲಿ ರೋಗಿಗಳನ್ನು ನೋಡ್ತಿದ್ದ ಡಾಕ್ಟರ್ ಅವರ ಪತ್ನಿ ಚಂದ್ರಕುಮಾರಿ ಶೆಟ್ಟಿ.

ನನಗೆ ಈ ಕೆಲಸದ ಮೊದಲ ಪಾಠ ಆದದ್ದು ವೆನ್‌ಲಾಕ್ ಆಸ್ಪತ್ರೆಯಲ್ಲಿ. 1848ರಿಂದ ಇರುವ ಆಸ್ಪತ್ರೆ ಅದು. ಹೊರ ರಾಜ್ಯದ ಕ್ಲಾಸ್‌ಮೇಟ್‌ಗಳು ಮೊದಲು ಕಲಿತ ತುಳು "ಬಂಜಿ ಬೇನೆ", ಹೊಟ್ಟೆನೋವು. ಒಂದೇ ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಉತ್ತರ ಕರ್ನಾಟಕದ ಕನ್ನಡ. ಕೆಲವರು ಎಲ್ಲ ಹೇಳಿ ಎದ್ದು ನಿಂತ ಮೇಲೆ, "ಮತ್ತೊಂದು ವಿಷಯ ಡಾಕ್ಟ್ರೆ..." ಅಂತಿದ್ದರು. ನಿಜವಾದ ಕಾಯಿಲೆ ಅದೇ ಆಗಿರ್ತಿತ್ತು.

ಇಂಗ್ಲೆಂಡಿನಲ್ಲೂ ಅದೇ ಕಥೆ ಮಾರಾಯ್ರೆ! ಒಬ್ಬ ರೈತ, ಎಪ್ಪತ್ತು ದಾಟಿದ ಮನುಷ್ಯ. ಹೇಗಿದ್ದೀರಿ ಅಂದ್ರೆ "ನಾಟ್ ಟೂ ಬ್ಯಾಡ್" ಅಂದರು. ಚರ್ಮದ ಮೇಲಿನ ಮಚ್ಚೆ ತೋರಿಸಿ, ಬಾಗಿಲಿನ ತನಕ ಹೋಗಿ ತಿರುಗಿದರು. ಏಣಿ ಹತ್ತುವಾಗ ಎದೆ ಹಿಡಿದ ಹಾಗೆ ಆಗ್ತದಂತೆ. ಪುನಃ ಕೂರಿಸಿದೆ. ಆ ದಿನ ನನ್ನ ಕ್ಲಿನಿಕ್ ಅರ್ಧ ಗಂಟೆ ಲೇಟ್ ಆಯ್ತು. ಆಗಲಿ.

ಇನ್ನು ಅಮ್ಮನ ವಿಷಯ.

ಅಮ್ಮ ಇಲ್ಲೇ ಮಂಗಳೂರಿನಲ್ಲಿ ಒಬ್ಬರೇ ಇದ್ದಾರೆ. ಶುಗರ್, ಬಿಪಿ ಎರಡೂ ಉಂಟು. ಒಂದು ಸಲ ವಿಡಿಯೊ ಕಾಲ್‌ನಲ್ಲಿ ಕಾಲು ಊದಿದ್ದು ಕಾಣಿಸಿತು. "ಅದಕ್ಕೆ ಮಾತ್ರೆ ಕೊಟ್ಟಿದ್ದಾರೆ ಮಗಾ" ಅಂದರು. ಮುಂದಿನ ತಿಂಗಳು ಬಾತ್‌ರೂಮಿನಲ್ಲಿ ಬಿದ್ದರು. ಕೈ ಮುರಿಯಿತು. ನನಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ, ಅದೂ ಪಕ್ಕದ ಮನೆಯವರಿಂದ. "ನೀನು ಅಲ್ಲಿ ಟೆನ್ಷನ್ ಮಾಡ್ಬಾರ್ದಲ್ಲ" ಅಂದರು ಅಮ್ಮ.

ಊರಿಗೆ ಬಂದು ಅವರ ಪ್ಲಾಸ್ಟಿಕ್ ತೊಟ್ಟೆ ಬಿಚ್ಚಿದೆ. ಮೂವರು ಸ್ಪೆಷಲಿಸ್ಟ್‌ಗಳ ಚೀಟಿ. ಒಬ್ಬರು ಬಿಪಿಗೆ ಆಮ್ಲೋಡಿಪಿನ್ ಕೊಟ್ಟಿದ್ದರು. ಇನ್ನೊಬ್ಬರು ಕೊಟ್ಟದ್ದು ಬೇರೆ ಹೆಸರಿನ, ಎರಡು ಔಷಧಿ ಸೇರಿದ ಮಾತ್ರೆ. ಅದರೊಳಗೂ ಆಮ್ಲೋಡಿಪಿನ್. ಡೋಸ್ ಡಬಲ್ ಆಯ್ತು, ಕಾಲು ಊದಿತು. ಅದು ಈ ಔಷಧಿಯ ಗೊತ್ತಿರುವ ಸೈಡ್ ಎಫೆಕ್ಟ್. ಊತ ಇಳಿಯಲಿ ಅಂತ ಮೂರನೆಯವರು ಮೂತ್ರ ಹೋಗುವ ಮಾತ್ರೆ ಕೊಟ್ಟರು. ರಾತ್ರಿ ಮೂರು ಸಲ ಏಳ್ಬೇಕು, ಎದ್ದರೆ ತಲೆ ತಿರುಗ್ತದೆ. ಬಿದ್ದರು.

ಮೂವರೂ ಒಳ್ಳೆಯ ಡಾಕ್ಟರುಗಳೇ. ಆದರೆ ಮೂರೂ ಚೀಟಿಗಳನ್ನು ಒಟ್ಟಿಗೆ ನೋಡಿದವರು ಯಾರೂ ಇಲ್ಲ. ಇಂಗ್ಲೆಂಡಿನಲ್ಲಿ ಯಾರದೋ ಅಮ್ಮನ ಮಾತ್ರೆ ಪಟ್ಟಿಯನ್ನು ಕೂತು ಪರಿಶೀಲಿಸುವುದು ನನ್ನ ಕೆಲಸ, ಅದಕ್ಕೆ ನನಗೆ ಸಂಬಳ. ನನ್ನ ಅಮ್ಮನ ಪಟ್ಟಿ ನೋಡಲು ಯಾರಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿ ಎಲ್ಲ ಸರಿ ಉಂಟು ಅಂತಲ್ಲ. ಸ್ಪೆಷಲಿಸ್ಟ್‌ಗಾಗಿ ನನ್ನ ರೋಗಿಗಳು ತಿಂಗಳುಗಟ್ಟಲೆ ಕಾಯ್ತಾರೆ. ಮಂಗಳೂರಿನಲ್ಲಿ ಬೆಳಿಗ್ಗೆ ಎದೆನೋವು ಅಂದ್ರೆ ಸಂಜೆಯೊಳಗೆ ಎಕೋ ಆಗ್ತದೆ. ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ಯೆನೆಪೋಯ, ಕೆ.ಎಸ್. ಹೆಗ್ಡೆ, ಕಣಚೂರು, ಶ್ರೀನಿವಾಸ್, ಇಷ್ಟು ಮೆಡಿಕಲ್ ಕಾಲೇಜುಗಳಿರುವ ಊರು ನಮ್ಮದು. ಸ್ಪೆಷಲಿಸ್ಟ್‌ಗಳಿಗೆ ಬರಗಾಲ ಇಲ್ಲ. ಬೀದಿ ಕೊನೆಯಲ್ಲಿ ಕ್ಲಿನಿಕ್ ಇಟ್ಟುಕೊಂಡು, ಮನೆಮಂದಿಯ ಹೆಸರೆಲ್ಲ ಗೊತ್ತಿದ್ದ ಹಳೆಯ ಎಂಬಿಬಿಎಸ್ ಡಾಕ್ಟರ್ ಮಾತ್ರ ಕಡಿಮೆ ಆಗ್ತಿದ್ದಾರೆ. "ಬರೀ ಎಂಬಿಬಿಎಸ್ಸಾ?" ಅಂತ ಕೇಳಿ ಕೇಳಿ ನಾವೇ ಅವರನ್ನು ಸಣ್ಣ ಮಾಡಿದೆವು.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಹೋಗ್ಬಹುದಾ? ಹೋಗ್ಬಹುದು, ಆದರೆ ಲೆಕ್ಕ ಹಾಕಿ ಹೋಗಿ. ಇಂಗ್ಲಿಷ್ ಪರೀಕ್ಷೆ, ಆಮೇಲೆ ಪ್ಲ್ಯಾಬ್. ಅದರ ಮೊದಲ ಭಾಗದಲ್ಲಿ 180 ಪ್ರಶ್ನೆ, ಎರಡನೇ ಭಾಗಕ್ಕೆ ಮ್ಯಾಂಚೆಸ್ಟರ್‌ಗೇ ಹೋಗ್ಬೇಕು. ಪಾಸಾದರೆ ಸಿಗುವುದು ನೋಂದಣಿಗೆ ದಾರಿ, ಕೆಲಸ ಅಲ್ಲ. ಜಿಪಿ ಆಗಲು ಮತ್ತೆ 3 ವರ್ಷದ ತರಬೇತಿ. ಆ ಸೀಟುಗಳಿಗೆ ಈಗ ಭಾರೀ ಪೈಪೋಟಿ. ಅಲ್ಲೇ ಓದಿದವರಿಗೆ ಆದ್ಯತೆ ಕೊಡುವ ದಾರಿಯನ್ನು ಅಲ್ಲಿನ ಸರಕಾರ ಹಿಡಿದಿದೆ. ಏಜೆಂಟ್ ಮಾತು ನಂಬಿ ಮನೆ ಅಡವಿಟ್ಟು ಹೊರಡ್ಬೇಡಿ.

ಇನ್ನೊಂದು ದಾರಿಯೂ ಉಂಟು. ನಮ್ಮಲ್ಲೇ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಮಾಡ್ಬಹುದು. ನಾನು ಓದುವಾಗ ಅದರ ಹೆಸರನ್ನೂ ಯಾರೂ ಹೇಳಿರಲಿಲ್ಲ. ನೀವು ಕೇಳಿದ್ದೀರಿ ಈಗ.

ಅಮ್ಮ ಈಗ ಮನೆ ಹತ್ರದ ವಯಸ್ಸಾದ ಡಾಕ್ಟರೊಬ್ಬರ ಬಳಿ ಹೋಗ್ತಾರೆ. ಯಾವ ಸ್ಪೆಷಲಿಸ್ಟ್ ಏನು ಬರೆದರೂ ಚೀಟಿ ಮೊದಲು ಅವರಿಗೆ ತೋರಿಸ್ಬೇಕು, ಅದು ನಮ್ಮಿಬ್ಬರ ಒಪ್ಪಂದ. ತೊಟ್ಟೆ ಹೋಗಿ ಫೈಲ್ ಬಂದಿದೆ. ಕಾಲಿನ ಊತ ಇಳಿದಿದೆ.

ಮೆಡಿಕಲ್ ಓದದವರಿಗೂ ಒಂದು ಕೆಲಸ ಕೊಡ್ತೇನೆ. ಇವತ್ತು ಮನೆಗೆ ಹೋಗಿ ಅಪ್ಪ ಅಮ್ಮನ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಎರಡು ಕಡೆ ಒಂದೇ ಹೆಸರು ಕಂಡರೆ ನೀವಾಗಿ ಯಾವುದನ್ನೂ ನಿಲ್ಲಿಸ್ಬೇಡಿ. ಫೋಟೊ ತೆಗೆದುಕೊಂಡು ಹತ್ತಿರದ ಡಾಕ್ಟರ ಹತ್ರ ಹೋಗಿ. ಅವರ ಬೋರ್ಡಿನಲ್ಲಿ ಬರೀ ಎಂಬಿಬಿಎಸ್ ಅಂತ ಇದ್ದರೂ ಸಾಕು.