ಅಪ್ಪನ ಕೋವಿ ಈಗ ಯಾರದು?

ಮುಂಬೈಯಲ್ಲಿರೋ ನಮ್ಮವರು ಪದೇ ಪದೇ ಕೇಳ್ತಾರೆ: "ಊರಲ್ಲಿ ಅಪ್ಪ ತೀರಿಕೊಂಡ್ರು, ಅವರ ಕೋವಿ ಈಗ ನಂದೇ ಅಲ್ವಾ?" ಆಸ್ತಿಯಾಗಿ ನಿಮ್ಮದೇ ಇರಬಹುದು. ಆದರೆ ಅಪ್ಪನ ಲೈಸೆನ್ಸ್ ನಿಮ್ಮದಾಗೋದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಎಲ್ಲ ಬಂದೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ. ನಳಿಗೆಯ ಒಳಮೈ ನುಣುಪಾಗಿದ್ದು, ಉದ್ದ 20 ಇಂಚಿಗೆ ಕಡಿಮೆಯಿಲ್ಲದ ತೋಟಾಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು. ಬೆಳೆ ಕಾಯೋ ಕೇಪಿನ ಕೋವಿಗೂ ಹಾಗೇ. ರಿವಾಲ್ವರಿಗೆ ಮಾತ್ರ, ಯಾಕೆ ಬೇಕು ಅನ್ನೋದಕ್ಕೆ ಅಧಿಕಾರಿಗೆ ಒಪ್ಪಿಗೆಯಾಗುವ ಕಾರಣ ಇರಬೇಕು. ಬೆಳೆ ರಕ್ಷಣೆಯ ಕೋವಿಯನ್ನ ಇಲ್ಲಿಗೆ ತರೋಣ ಅಂದ್ರೆ, ಅಂಧೇರಿಯ ಫ್ಲ್ಯಾಟಲ್ಲಿ ಕಾಯೋಕೆ ಬೆಳೆ ಎಲ್ಲಿದೆ?

"ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ?" ಅಂತೀರಿ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದು ಮಂಗಳೂರಿನವರಿಗೂ ಧಾರವಾಡದವರಿಗೂ ಅನ್ವಯಿಸೋದಿಲ್ಲ.

ಲೈಸೆನ್ಸ್ ಇಲ್ಲದ ಕೋವಿ ಸಿಕ್ಕಿದರೆ, 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ ಜೈಲು. ಹಾಗಾಗಿ ಅಪ್ಪನ ನೆನಪು ಅಂತ ಅಟ್ಟದಲ್ಲಿ ಬಚ್ಚಿಡಬೇಡಿ, ಬಸ್ಸಲ್ಲಿ ಮುಂಬೈಗೆ ತರಲೂಬೇಡಿ. ತಡಮಾಡದೆ ಊರಿನ ಠಾಣೆಯಲ್ಲೋ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಿ, ರಸೀದಿ ತಗೊಳ್ಳಿ. ಆಮೇಲೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಿ. ಮುಂಬೈಯಲ್ಲಿ ವಾಸವಿದ್ದರೆ ಅದು ಪೊಲೀಸ್ ಕಮಿಷನರ್ ಕಚೇರಿಗೆ. ಬೇಡವಾದರೆ ಅಂಗಡಿಗೇ ಮಾರಬಹುದು.

ಅಪ್ಪ ಇನ್ನೂ ಇದ್ದಾರಾ? ಹಾಗಾದ್ರೆ ಇವತ್ತೇ ಫೋನ್ ಮಾಡಿ, ಲೈಸೆನ್ಸ್ ಪುಸ್ತಕ ಎಲ್ಲಿದೆ, ನವೀಕರಣ ಯಾವಾಗ ಅಂತ ಕೇಳಿ.