ನೂಲಿಗೆ ತಂಪು, ನೂಲುವವನಿಗೆ ಸೆಕೆ
(ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತಿ ಗಿರಣಿಯಲ್ಲಿ ದುಡಿದವರಿಗೆ ನಾವು ಹೊಸದಾಗಿ ಹೇಳಬೇಕಾದದ್ದಿಲ್ಲ. ಗಿರಣಿಯ ಮಾಡು ಗರಗಸದ ಹಲ್ಲಿನ ಹಾಗೆ ಇರುತ್ತಿತ್ತು. ಹಲ್ಲಿನ ನೆಟ್ಟನೆಯ ಪಕ್ಕಕ್ಕೆ ಗಾಜು, ಆ ಗಾಜಿನ ಮುಖ ಉತ್ತರಕ್ಕೆ. ಬೆಳಕು ಬರಬೇಕು, ಬಿಸಿಲು ಬರಬಾರದು ಎಂಬುದೇ ಅದರ ಲೆಕ್ಕ. ಗಾಳಿ ಒಣಗಿದರೆ ಎಳೆ ಹರಿಯುತ್ತದೆಂದು ಒಳಗೆ ತೇವವನ್ನು ಕಾಪಾಡುತ್ತಿದ್ದರು. ನೂಲಿಗೆ ಬೇಕಾದ ಹವೆಯನ್ನು ಕಟ್ಟಡದಿಂದಲೇ ಒದಗಿಸುವ ಶಾಸ್ತ್ರ ಮಾಲೀಕರಿಗೆ ಅಂದೇ ಗೊತ್ತಿತ್ತು. ಆದರೆ ಪಾಳಿ ಮುಗಿಸಿದ ಕೆಲಸಗಾರ ಮಲಗಲು ಹೋಗುತ್ತಿದ್ದುದು ತಗಡಿನ ಮಾಡಿನ ಒಂದೇ ಕೋಣೆಗೆ. ದಾವಣಗೆರೆಯ ಹತ್ತಿ ಗಿರಣಿಗಳು ಬಹುತೇಕ ಮುಚ್ಚಿಹೋದವು. ತಗಡಿನ ಕೋಣೆ ಮಾತ್ರ ಉಳಿದುಕೊಂಡಿದೆ. ಇಂದು ನಾವು ಮಾತನಾಡಬೇಕೆಂದಿರುವುದು ಆ ಕೋಣೆಯ ವಿಷಯ.

ಶಾಸ್ತ್ರವಿಲ್ಲದೆ ನಾವು ಸೆಕೆಯಲ್ಲಿ ಬೇಯುತ್ತಿಲ್ಲ. ಶಾಸ್ತ್ರವಿದೆ, ಅದೂ ನಮ್ಮ ನಾಡಿನಲ್ಲಿಯೇ ಹುಟ್ಟಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಆಸ್ಟ್ರಾ' ಎಂಬ ವಿಭಾಗವನ್ನು ಆರಂಭಿಸಿದರು. ದೊಡ್ಡ ವಿಜ್ಞಾನವನ್ನು ಹಳ್ಳಿಯ ಬಡವನ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ವಿಜ್ಞಾನಿಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋದರು, ಪುರ ಮುಂತಾದ ಹಳ್ಳಿಗಳಲ್ಲಿ ಮನೆಮನೆ ಹೊಕ್ಕು ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆಂದು ಅಳೆದರು. ಶಕ್ತಿಯೆಂದರೆ ಪಟ್ಟಣದವರು ವಿದ್ಯುತ್ತು, ಡೀಸೆಲ್ ಎಂದುಕೊಂಡಿದ್ದರು. ಅಲ್ಲಿ ಕಂಡದ್ದು ಒಲೆಯ ಸೌದೆ. ಹಳ್ಳಿಯ ಶಕ್ತಿಯ ಬಹುಪಾಲು ಅಡಿಗೆಯ ಒಲೆಗೇ ಹೋಗುತ್ತಿತ್ತು. ಆ ಸೌದೆಯನ್ನು ಹೊತ್ತು ತರುತ್ತಿದ್ದವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಇದರಿಂದ ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ 'ಆಸ್ಟ್ರಾ ಒಲೆ' ಹುಟ್ಟಿತು.

ರೆಡ್ಡಿಯವರ ವಿಚಾರವನ್ನು ನಾವು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಜನರಿಗೆ ಬೇಕಾದದ್ದು ಕರೆಂಟಲ್ಲ. ಬೇಕಾದದ್ದು ಬೆಳಕು, ಬೆಂದ ಅನ್ನ, ನಿದ್ದೆ ಬರುವಂಥ ಕೋಣೆ. ಕಡಿಮೆ ಶಕ್ತಿಯಲ್ಲಿ ಇವು ದೊರೆತರೆ ಹೆಚ್ಚು ಶಕ್ತಿ ಸುಡುವುದೇಕೆ? ಈ ದಾರಿಯಲ್ಲಿಯೇ ಲೆಕ್ಕ ಹಾಕಿ, 1991ರಲ್ಲಿ ಅವರೂ ಅವರ ಸಂಗಡಿಗರೂ ಕರ್ನಾಟಕಕ್ಕೆ ಒಂದು ವಿದ್ಯುತ್ ಯೋಜನೆಯನ್ನು ಮುಂದಿಟ್ಟರು. ಸರಕಾರದ ಸಮಿತಿಯು ಬೇಕೆಂದು ಹೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲಿ ರಾಜ್ಯದ ಬಡವರ ಮನೆಗಳಿಗೂ ದೀಪ ಹಚ್ಚಬಹುದೆಂದು ಅವರು ತೋರಿಸಿದರು. ಉಳಿತಾಯವೆಂದರೆ ಬಡವನಿಗೆ ಇನ್ನಷ್ಟು ಕತ್ತಲೆ ಎಂಬ ಅರ್ಥವಲ್ಲ. ಪೋಲಾಗುವುದನ್ನು ತಡೆದು ಇಲ್ಲದವನಿಗೆ ಮುಟ್ಟಿಸುವುದು ಎಂಬುದೇ ಅದರ ಅರ್ಥ.

ಇನ್ನು ಮನೆಯ ಮಾತು. ಮನೆ ಎರಡು ಬಗೆಯಲ್ಲಿ ಶಕ್ತಿಯನ್ನು ತಿನ್ನುತ್ತದೆ. ಕಟ್ಟುವಾಗ ಒಮ್ಮೆ ತಿನ್ನುತ್ತದೆ, ಬದುಕುವಾಗ ದಿನವೂ ತಿನ್ನುತ್ತದೆ.

ಕಟ್ಟುವಾಗ ಇಟ್ಟಿಗೆ ಸುಡಬೇಕು, ಸಿಮೆಂಟು ಸುಡಬೇಕು, ಉಕ್ಕು ಕಾಯಿಸಬೇಕು. ಸುಟ್ಟ ಇಟ್ಟಿಗೆಯೊಳಗೆ ಸೌದೆ ಅಥವಾ ಕಲ್ಲಿದ್ದಲು ಅಡಗಿದೆಯೆಂದು ತಿಳಿಯಿರಿ. ಆಸ್ಟ್ರಾದ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿಗೆ ಮರಳು ಬೆರೆಸಿ, ನೂರಕ್ಕೆ ಆರೆಂಟು ಪಾಲು ಸಿಮೆಂಟು ಹಾಕಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದರು. ಈ ಬ್ಲಾಕನ್ನು ಸುಡುವುದಿಲ್ಲ, ಮೂರು ನಾಲ್ಕು ವಾರ ನೀರು ಚಿಮುಕಿಸಿ ಒದ್ದೆಯಾಗಿಟ್ಟರೆ ಸಾಕು. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಪ್ರಕಟಿಸಿದ ಲೆಕ್ಕದಂತೆ ಇಂಥ ಬ್ಲಾಕಿಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಗೆ ತಗಲುವುದರ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಗೋಡೆ, ಮಾಡು ಎಲ್ಲಕ್ಕೂ ಇಂಥ ಸಾಮಗ್ರಿಗಳನ್ನೇ ಬಳಸಿದರೆ ಗೋಡೆಯೇ ಭಾರ ಹೊರುವ ಮನೆಯೊಂದಕ್ಕೆ ತಗಲುವ ಒಟ್ಟು ಶಕ್ತಿ ಅರ್ಧದಷ್ಟು ಇಳಿಯುತ್ತದೆ.

ಇಷ್ಟು ಒಳ್ಳೆಯ ಬ್ಲಾಕು ಹೋದದ್ದು ಎಲ್ಲಿಗೆ? ಬೆಂಗಳೂರಿನ ಅನುಕೂಲಸ್ಥರ ಬಡಾವಣೆಗಳಿಗೆ. ಅಲ್ಲಿ ಮಣ್ಣಿನ ಬ್ಲಾಕಿನ ಗೋಡೆಗೆ ಗಾರೆ ಹಚ್ಚದೆ ಅಂದವೆಂದು ಬಿಡುತ್ತಾರೆ. ಇತ್ತ ನಮ್ಮ ಕಡೆಯ ಬಡವ ಮಣ್ಣಿನ ಗೋಡೆಯೆಂದರೆ ನಾಚುತ್ತಾನೆ, ಸಾಲ ಮಾಡಿ ಕಾಂಕ್ರೀಟು ಹಾಕುತ್ತಾನೆ. ಅವನ ನಾಚಿಕೆಗೂ ಕಾರಣವಿದೆ. ಜಗಳೂರು ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಬೇಸಿಗೆಯಲ್ಲಿ ತಂಪು, ನಿಜ. ಆದರೆ ಮಳೆ ಹಿಡಿದರೆ ಸೋರುತ್ತಿತ್ತು, ವರ್ಷ ವರ್ಷ ಮಣ್ಣು ಹೊರಿಸಬೇಕಿತ್ತು, ತೊಲೆ ಕೊಳೆತರೆ ಮೇಲೆಯೇ ಕುಸಿಯುತ್ತಿತ್ತು. ಹಳೆಯದಕ್ಕೆ ಮರಳಿರೆಂದು ನಾವು ಹೇಳುವುದಿಲ್ಲ. ಹಳೆಯದರ ತಂಪನ್ನೂ ಹೊಸದರ ಗಟ್ಟಿತನವನ್ನೂ ಕೂಡಿಸಿ ಕೊಡುವುದೇ ಸಂಶೋಧನೆಯ ಕೆಲಸ ಎನ್ನುತ್ತೇವೆ.

ಒಂದು ಎಚ್ಚರಿಕೆಯ ಮಾತು. ಎಲ್ಲ ಮಣ್ಣೂ ಇದಕ್ಕೆ ಆಗುವುದಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರಳು ಕೂಡಿದ ಕೆಮ್ಮಣ್ಣು ಒಳ್ಳೆಯದು. ಆದುದರಿಂದ ಮೊದಲು ಆಗಬೇಕಾದದ್ದು ಮಣ್ಣಿನ ಪರೀಕ್ಷೆ.

ಈಗ ದಿನದ ಮಾತು. ಒಂದೇ ಅಂತಸ್ತಿನ ಮನೆಗೆ ಬಿಸಿಲಿನ ಹೆಚ್ಚಿನ ಹೊಡೆತ ಬೀಳುವುದು ಮಾಡಿನ ಮೇಲೆ. ಕಪ್ಪಾದ ತಗಡು ಬೇಸಿಗೆಯ ಮಧ್ಯಾಹ್ನ 60 ಡಿಗ್ರಿಯನ್ನೂ ದಾಟಿ ಕಾಯುತ್ತದೆ. ಕಾಂಕ್ರೀಟಿನದು ಇನ್ನೊಂದು ಬಗೆ. ಅದು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಮಲಗಿದವನ ಮೇಲೆ ಬಿಡುತ್ತದೆ. ಮಲೆನಾಡಿಗೆ ಹತ್ತಿರದ ನ್ಯಾಮತಿ, ಹೊನ್ನಾಳಿಯ ಕಡೆ ಹೆಂಚಿನ ಮನೆಯ ಸಂದುಗಳಲ್ಲಿ ಗಾಳಿ ಆಡುತ್ತಿತ್ತು. ಅಲ್ಲಿಯೂ, ಚನ್ನಗಿರಿಯಲ್ಲಿಯೂ ಹೆಂಚು ಇಳಿಸಿ ಶೀಟು ಏರಿಸುವವರು ಹೆಚ್ಚುತ್ತಿದ್ದಾರೆ. ಜಗಳೂರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗಿ ಕರೆಂಟು ಹುಟ್ಟಿಸುತ್ತಿವೆ. ಗುಡ್ಡದ ಕೆಳಗಿನ ತಗಡಿನ ಮನೆಗೆ ಬೀಸಣಿಗೆಯೂ ಬಿಸಿಗಾಳಿಯನ್ನೇ ಬೀಸುತ್ತದೆ.

ಇದಕ್ಕೆ ಅತಿ ಅಗ್ಗದ ಮದ್ದು ಸುಣ್ಣ. ಬಿಳಿಯ ಮಾಡು ಬಿಸಿಲಿನ ಹೆಚ್ಚು ಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಬೇಸಿಗೆಯ ಮೊದಲು ಎರಡು ಕೈ ಸುಣ್ಣ ಬಳಿದರೆ ಕೋಣೆಯ ಕಾವು ಇಳಿಯುತ್ತದೆ. ಮಳೆಗೆ ತೊಳೆದುಹೋದರೆ ಮರುವರ್ಷ ಮತ್ತೆ ಬಳಿಯಬೇಕು. ತಗಡಿನ ಕೆಳಗೆ ಒಂದು ಅಡ್ಡ ಮುಚ್ಚಿಗೆ ಹಾಕಿ ನಡುವೆ ಗಾಳಿಗೆ ದಾರಿ ಬಿಟ್ಟರೆ ಇನ್ನೂ ಒಳ್ಳೆಯದು. ಬೆಚ್ಚನೆಯ ಗಾಳಿ ಮೇಲಕ್ಕೇರುವುದರಿಂದ ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಇರಲೇಬೇಕು.

ಕೆಲವರು ಕೇಳುತ್ತಾರೆ: "2023ರಿಂದ ಗೃಹಜ್ಯೋತಿ ಬಂದಿದೆಯಲ್ಲ, ಕರೆಂಟು ಉಳಿಸಿ ನಮಗೇನು?" ಗೃಹಜ್ಯೋತಿ ಬಡವನ ಮನೆಗೆ ಆಸರೆಯಾಗಿದೆ, ನಾವು ಅದನ್ನು ಹೀಗಳೆಯುವುದಿಲ್ಲ. ಆದರೆ ಅದಕ್ಕೆ ತಿಂಗಳಿಗೆ 200 ಯೂನಿಟ್ಟಿನ ಮೇರೆಯಿದೆ. ಬಿಲ್ಲು ಇಲ್ಲವೆಂದು ಮಾಡು ತಣ್ಣಗಾಗುವುದೂ ಇಲ್ಲ. ಅಲ್ಲದೆ ಅದು ಮನೆಗೆ ಮಾತ್ರ, ಅಂಗಡಿಗೆ ಅನ್ವಯಿಸುವುದಿಲ್ಲ.

ಆದ್ದರಿಂದ ಅಂಗಡಿಕಾರರು ಈ ಲೆಕ್ಕ ಕೇಳಬೇಕು. ಒಂದು ಅಂಗಡಿಯಲ್ಲಿ ಹಳೆಯ ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು ದಿನಕ್ಕೆ 10 ಗಂಟೆ ಉರಿಯುತ್ತವೆನ್ನೋಣ. ಟ್ಯೂಬು ಚೋಕ್ ಸೇರಿ 50 ವ್ಯಾಟ್, ಫ್ಯಾನು 75 ವ್ಯಾಟ್ ಎಂದರೆ ತಿಂಗಳಿಗೆ 105 ಯೂನಿಟ್ಟು. ಟ್ಯೂಬಿನ ಬದಲು 20 ವ್ಯಾಟಿನ ಎಲ್‌ಇಡಿ, ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 42 ಯೂನಿಟ್ಟು. ಅದೇ ಬೆಳಕು, ಅದೇ ಗಾಳಿ, 63 ಯೂನಿಟ್ಟು ಉಳಿತಾಯ. ತೊಡಕು ಒಂದೇ. ಹೊಸ ಬಗೆಯ ಫ್ಯಾನಿಗೆ ಸಾಧಾರಣ ಫ್ಯಾನಿಗಿಂತ ಹೆಚ್ಚು ಬೆಲೆ, ಮತ್ತು ಅದನ್ನು ಒಮ್ಮೆಗೇ ಎಣಿಸಿಕೊಡಬೇಕು.

ಗಂಟು ಇರುವುದು ಇಲ್ಲಿಯೇ, ಬಂಧುಗಳೇ. ಉಳಿತಾಯಕ್ಕೂ ಬಂಡವಾಳ ಬೇಕು. ಇದ್ದವನು ಇಂದು ಹಾಕಿ ನಾಳೆ ಉಳಿಸುತ್ತಾನೆ. ಇಲ್ಲದವನು ತಿಂಗಳು ತಿಂಗಳು ದಂಡ ತೆರುತ್ತಾನೆ. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದ ಹರೀಶ್ ಹಂದೆಯವರು ಬ್ಯಾಂಕುಗಳಿಂದ ಸಾಲ ಕೊಡಿಸಿ, ದುಡಿಮೆಯ ಬಗೆಗೆ ತಕ್ಕಂತೆ ಕಂತು ಹೊಂದಿಸಿ ಬಡವರ ಮನೆಗೆ ಸೌರ ದೀಪ ತಂದರು. ತಿಂಗಳಿಗೆ 300 ರೂಪಾಯಿ ಕೊಡಲಾರದ ಬೀದಿ ವ್ಯಾಪಾರಿ ದಿನಕ್ಕೆ 10 ರೂಪಾಯಿ ಕೊಡಬಲ್ಲ ಎಂಬುದನ್ನು ಅವರು ವ್ಯಾಪಾರಿಗಳಿಂದಲೇ ಕಲಿತರು. ಸಾಲ ಕೊಡುವವರೆಲ್ಲ ಕಲಿಯಬೇಕಾದ ಪಾಠ ಇದು.

ಇನ್ನೊಂದು ಗಂಟು ಬಾಡಿಗೆಯದು. 2024ರಲ್ಲಿ ಕೇಂದ್ರ ಸರಕಾರ ಮನೆಯ ಮಾಡಿನ ಮೇಲೆ ಸೌರ ಫಲಕ ಹಾಕಲು ಸಹಾಯಧನ ಸಾರಿತು: 1 ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟಿಗೆ 78,000 ರೂಪಾಯಿ. ಒಳ್ಳೆಯದೇ. ಆದರೆ ಬಾಡಿಗೆಯ ಮನೆಯಲ್ಲಿರುವವನಿಗೆ ಮಾಡು ಎಲ್ಲಿದೆ? ಮಾಡು ಒಡೆಯನದು, ಸೆಕೆ ಬಾಡಿಗೆಯವನದು. ಸೆಕೆ ಅನುಭವಿಸದವನು ಸುಣ್ಣಕ್ಕೆ ದುಡ್ಡು ಬಿಚ್ಚುವುದಿಲ್ಲ. ನಾಳೆ ಮನೆ ಬಿಡಬೇಕಾದವನು ಪರರ ಮಾಡಿಗೆ ದುಡ್ಡು ಸುರಿಯುವುದಿಲ್ಲ. ಈ ಬಿಕ್ಕಟ್ಟನ್ನು ಯಾವ ಯಂತ್ರವೂ ಬಿಡಿಸಲಾರದು. ನ್ಯಾಯವಾದ ಕಟ್ಟಳೆಯೇ ಬಿಡಿಸಬೇಕು.

ಆದಕಾರಣ ನಾವು ಕೇಳುವುದು ಇಷ್ಟು:

1. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಣ್ಣನ್ನು ಪರೀಕ್ಷಿಸಿ, ಎಲ್ಲಿಯದು ಬ್ಲಾಕಿಗೆ ಆಗುತ್ತದೆ, ಎಲ್ಲಿಯದು ಆಗುವುದಿಲ್ಲವೆಂದು ಕನ್ನಡದಲ್ಲಿ ಪ್ರಕಟಿಸಲಿ.

2. ನಿರ್ಮಿತಿ ಕೇಂದ್ರದ ಮೂಲಕ ತಾಲ್ಲೂಕಿಗೊಂದು ಬ್ಲಾಕು ಒತ್ತುವ ಯಂತ್ರ ಬರಲಿ. ಗಾರೆ ಕೆಲಸದವರಿಗೆ ಕೂಲಿ ಕೊಟ್ಟು ತರಬೇತು ಮಾಡಲಿ.

3. ಸರಕಾರದ ವಸತಿ ಯೋಜನೆಯ ಮನೆಗಳಿಗೆ ತಂಪು ಮಾಡು, ಮೇಲ್ಕಿಂಡಿ ಕಡ್ಡಾಯವಾಗಲಿ.

4. ಪುರಸಭೆ, ಪಟ್ಟಣ ಪಂಚಾಯಿತಿಗಳು ಪ್ರತಿ ವರ್ಷ ಬೇಸಿಗೆಗೆ ಮೊದಲು ತಗಡಿನ ಮನೆಗಳಿಗೆ ಸುಣ್ಣ ಬಳಿಸಲಿ. ಅದನ್ನು ನೆಪ ಮಾಡಿ ಒಡೆಯರು ಬಾಡಿಗೆ ಏರಿಸದಿರಲಿ.

5. ಸಣ್ಣ ಅಂಗಡಿಗಳಿಗೆ ದೀಪ, ಫ್ಯಾನುಗಳನ್ನು ಬೆಸ್ಕಾಂ ಕಂತಿನ ಮೇಲೆ ಕೊಟ್ಟು, ಬಿಲ್ಲಿನಲ್ಲಿ ಆಗುವ ಉಳಿತಾಯದಿಂದಲೇ ವಸೂಲು ಮಾಡಿಕೊಳ್ಳಲಿ.

ಇವುಗಳಲ್ಲಿ ಆಗದ್ದು ಯಾವುದೂ ಇಲ್ಲ. ಹೊಸದಾಗಿ ಕಂಡುಹಿಡಿಯಬೇಕಾದದ್ದೂ ಹೆಚ್ಚಿಲ್ಲ. ಮುಂದಿನ ವಾರ ಪ್ರತಿಯೊಂದು ಬೀದಿಯಿಂದ ಇಬ್ಬರು ಮುಂದೆ ಬಂದು, ತಮ್ಮ ಬೀದಿಯಲ್ಲಿ ತಗಡಿನ ಮಾಡು ಎಷ್ಟು, ಬಾಡಿಗೆಯ ಮನೆ ಎಷ್ಟು, ಹಳೆಯ ಟ್ಯೂಬು ಎಷ್ಟು ಎಂದು ಎಣಿಸಿ ಪಟ್ಟಿ ತರಲಿ. ಆ ಪಟ್ಟಿಯನ್ನು ಹಿಡಿದುಕೊಂಡೇ ನಾವು ಪುರಸಭೆಯ ಬಾಗಿಲಿಗೆ ಹೋಗೋಣ.