ಮುಖ ಮತ್ತು ಬೆಳ್ಳಿ



ಕ್ರಿಸ್ತಪೂರ್ವ 44ರಲ್ಲಿ ರೋಮಿನ ಬೆಳ್ಳಿ ನಾಣ್ಯ ಡಿನೇರಿಯಸ್ ಮೇಲೆ ಜೂಲಿಯಸ್ ಸೀಸರನ ಮುಖ ಮೂಡಿತು. ಬದುಕಿರುವಾಗಲೇ ರೋಮಿನಲ್ಲಿ ಆ ಗೌರವ ಪಡೆದ ಮೊದಲಿಗ ಅವನು. ಅದೇ ವರ್ಷದ ಮಾರ್ಚ್‌ನಲ್ಲಿ ಕೊಲೆಯಾದ. ಮುಂದೆ ಬಂದ ಚಕ್ರವರ್ತಿಗಳೂ ನಾಣ್ಯದ ಮೇಲೆ ತಮ್ಮ ಮುಖ ಮೂಡಿಸಿದರು. ಅಗಸ್ಟಸ್, ಟೈಬೀರಿಯಸರ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಆ ಬೆಳ್ಳಿ ಅಪ್ಪಟವಾಗಿತ್ತು. ಕಡಲಾಚೆಯ ನಾಡೂ ಅದನ್ನು ನಂಬಿತು.

ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಮೂರನೇ ಶತಮಾನದ ಉತ್ತರಾರ್ಧದ ಹೊತ್ತಿಗೆ ತಾಮ್ರದ ಮೇಲೆ ಬೆಳ್ಳಿಯ ತೆಳುಲೇಪವಷ್ಟೇ ಉಳಿಯಿತು. ಮುಖದ ಠೀವಿ ಮಾತ್ರ ಹಾಗೆಯೇ ಇತ್ತು.

ನಾಣ್ಯ ಸಂಗ್ರಹಿಸುವವರು ಮುಖ ನೋಡಿ ಬೆರಗಾಗುತ್ತಾರೆ. ಆಮೇಲೆ ಅಂಗೈಯಲ್ಲಿಟ್ಟು ತೂಗುತ್ತಾರೆ. ನಮ್ಮ ಮಾತನ್ನೂ ಜನ ಹಾಗೆಯೇ ತೂಗುತ್ತಾರೆ. ಇಂದು ನಾವಾಡುವ ಮಾತಿನಲ್ಲಿ ಬೆಳ್ಳಿ ಕಡಿಮೆಯಾಗದಿರಲಿ.